ಎಕ್ಸ್‌ಚೇಂಜ್ ಅಮ್ಮಣ್ಣಿ

“ಮೇಡಂ, ಕಣ್ಣು ಬಿಡಿ. ನಿಮ್ಮನ್ನೇ ಕೇಳ್ತಿರೋದು.”

ಅಮ್ಮಣ್ಣಿ ಬೆಚ್ಚಿ ಕಣ್ಣು ತೆರೆದಳು. ಕೌಂಟರಿನಾಚೆ ಕೊರಿಯರಿನವನು ನಿಂತಿದ್ದ. ಪಕ್ಕದ ಕುರ್ಚಿಯಲ್ಲಿದ್ದ ರಂಜನಾ ಕೈ ಚಾಚಿ ಲಕೋಟೆ ತೆಗೆದುಕೊಂಡು, ಸಹಿ ಹಾಕಿ ಅವನನ್ನು ಕಳಿಸಿದಳು.

“ಇವತ್ತಿಗೆ ಮೂರನೇ ಸಲ ಮೇಡಂ,” ಎಂದಳು ಮೆಲ್ಲಗೆ. “ನಿದ್ದೆ ಮಾಡ್ತಿದೀರ ಅಂದ್ಕೋತಾರೆ ಜನ.”

ನಿದ್ದೆಯಲ್ಲ. ಕೆ.ಆರ್. ಪುರದ ಈ ಬಿಡಿಭಾಗಗಳ ಕಾರ್ಖಾನೆಯಲ್ಲಿ ಅಮ್ಮಣ್ಣಿ ಇಪ್ಪತ್ತೇಳು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವಳು. ಕಿಟಕಿಯಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂತು, ಯಂತ್ರಗಳ ಸದ್ದಿನ ನಡುವೆ ಕೂಗುವವರ ಮಾತು ಹಿಡಿಯಲು ಕಣ್ಣು ಮುಚ್ಚುವುದು ಅಭ್ಯಾಸವಾಗಿತ್ತು. ಮುನ್ನೂರ ನಲವತ್ತು ಎಕ್ಸ್‌ಟೆನ್ಷನ್‌ಗಳು ಬಾಯಿಪಾಠ. ದನಿ ಕೇಳಿದರೆ ಹೆಸರು, ವಿಭಾಗ ಹೇಳುತ್ತಿದ್ದಳು. ಮುಖ ಗೊತ್ತಿದ್ದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಕರೆ ತಪ್ಪಬಾರದೆಂದು ಊಟವೂ ಅಲ್ಲೇ, ಗೋಡೆಗೆ ಮುಖ ಮಾಡಿ. ಹಲಸೂರಿನ ಮನೆಯಲ್ಲೂ ಒಬ್ಬಳೇ. ಅಮ್ಮ ತೀರಿಕೊಂಡ ಮೇಲೆ ಭಾನುವಾರಗಳು ಒಂದು ಮಾತೂ ಇಲ್ಲದೆ ಕಳೆಯುತ್ತಿದ್ದವು. ಸೋಮವಾರ ಎಂಟು ಗಂಟೆಗೆ “ನಮಸ್ಕಾರ, ಎಕ್ಸ್‌ಚೇಂಜ್” ಎನ್ನುವುದೇ ಶನಿವಾರದ ನಂತರದ ಮೊದಲ ಮಾತಾಗಿರುತ್ತಿತ್ತು.

ಕಳೆದ ತಿಂಗಳು ಕರೆಗಳನ್ನು ತಾನೇ ಜೋಡಿಸುವ ಯಂತ್ರ ಬಂತು. ಕೋಣೆಗೆ ಬೀಗ ಬಿತ್ತು. ಎಚ್.ಆರ್. ವಿಭಾಗದ ಭಾರ್ಗವ್ ಅವಳ ಮುಂದೆ ಎರಡು ದಾರಿ ಇಟ್ಟ: ಐವತ್ತೆಂಟು ತುಂಬುವವರೆಗೆ, ಅಂದರೆ ಇನ್ನು ಮೂರು ವರ್ಷ, ಗೇಟಿನ ಪಾಸ್ ಕೌಂಟರು, ಇಲ್ಲವೆ ಸ್ವಯಂ ನಿವೃತ್ತಿ. ನಿವೃತ್ತಿಯ ಅರ್ಜಿ ಕೊಡಲು ಇವತ್ತು ಮಧ್ಯಾಹ್ನ ಒಂದು ಗಂಟೆ ಕೊನೆ. ಸಹಿಯಾದ ಅರ್ಜಿ ಅವಳ ಬ್ಯಾಗಿನಲ್ಲಿತ್ತು. ಕೊಟ್ಟರೆ ವಾರವಿಡೀ ಭಾನುವಾರವೇ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಎದುರು ಬಂದು ನಿಲ್ಲುವ ಈ ಮುಖಗಳನ್ನು ಅವಳಿಂದ ತಾಳಲಾಗುತ್ತಿರಲಿಲ್ಲ.

ಹತ್ತೂವರೆಗೆ ಕುಳ್ಳಗಿನ, ಬೆವರಿಳಿಯುತ್ತಿದ್ದ ಒಬ್ಬ ಒಳಗಿನಿಂದ ಓಡಿಬಂದ.

“ರೀ, ಥಿನ್ನರ್ ಲೋಡ್ ಬಂದೈತೆ, ಡ್ರೈವರ್‌ಗೆ ಪಾಸ್ ಕೊಡ್ರೀ. ಗಾಡಿ ರೋಡಲ್ಲೇ ನಿಂತೈತೆ, ಹಿಂದಿರೋರೆಲ್ಲ ಹಾರ್ನ್ ಹೊಡೀತಾವ್ರೆ.”

ಅಮ್ಮಣ್ಣಿಯ ಕಣ್ಣು ತಾನಾಗಿ ಮುಚ್ಚಿಕೊಂಡಿತು.

“ಓ ತಾಯಿ! ನಾನಿಲ್ಲಿ ಬಾಯಿ ಬಡ್ಕೋತಾ ಇದೀನಿ, ನೀವು ಧ್ಯಾನಕ್ಕೆ ಕೂತ್ರಾ?”

“ಎರಡು ಒಂದು ಏಳು,” ಎಂದಳು. “ಪೇಂಟ್ ಶಾಪ್. ಮುನಿಆಂಜನಪ್ಪನವರು.”

ಅವನು ಕೌಂಟರಿನ ಮೇಲೆ ಬಾಗಿ ಅವಳ ಮುಖ ನೋಡಿದ. “ಎಕ್ಸ್‌ಚೇಂಜ್ ಅಮ್ಮಣ್ಣಿನಾ? ಅಯ್ಯೋ ಶಿವನೇ! ಆ ದನಿಗೆ ಆರಡಿ ಆಳಿರ್ಬೇಕು ಅಂದ್ಕಂಡಿದ್ದೆ ಕಣ್ರೀ.”

“ನಿಮ್ಮನ್ನ ನಾನೂ ಹಾಗೇ ಅಂದ್ಕೊಂಡಿದ್ದೆ.”

ರಂಜನಾ ಕಿಸಕ್ಕನೆ ನಕ್ಕಳು. ಮುನಿಆಂಜನಪ್ಪ ನಗಲಿಲ್ಲ. “ನಮ್ ಮಗಳು ಹುಟ್ಟಿದ್ ದಿನ ನಾಲ್ಕು ಶಾಪ್‌ಗೆ ಫೋನ್ ಮಾಡಿ ನನ್ನ ಹುಡುಕ್ಸಿದ್ದು ನೀವು. ಬಂದು ಥ್ಯಾಂಕ್ಸ್ ಹೇಳಣ ಅಂದ್ರೆ ನಿಮ್ ರೂಮ್ ಎಲ್ಲೈತೆ ಅನ್ನೋದೇ ಗೊತ್ತಿರ್ಲಿಲ್ಲ. ಅವಳೀಗ ಬಿ.ಕಾಂ. ಮುಗಿಸವ್ಳೆ.” ಪಾಸು ತೆಗೆದುಕೊಂಡು ಹೊರಟವನು ತಿರುಗಿದ. “ಒಂದ್ಗಂಟೆಗೆ ಕ್ಯಾಂಟೀನ್‌ಗೆ ಬನ್ನಿ. ನಮ್ಮೋರಿಗೆಲ್ಲ ತೋರಿಸ್ತೀನಿ.”

“ನಾನು ಡಬ್ಬಿ ತಂದಿದೀನಿ.”

“ಅದನ್ನೂ ಕರ್ಕೊಂಬನ್ನಿ.”

ಒಂದಕ್ಕೆ ಐದು ನಿಮಿಷವಿದ್ದಾಗ ಕೌಂಟರಿನ ಫೋನ್ ರಿಂಗಾಯಿತು. ಭಾರ್ಗವ್.

“ಮೇಡಂ, ನಿಮ್ಮ ಫಾರ್ಮ್ ಬಂದಿಲ್ಲ. ಲಿಸ್ಟ್ ಕ್ಲೋಸ್ ಮಾಡ್ತಿದೀನಿ.”

ಅಮ್ಮಣ್ಣಿ ಬ್ಯಾಗಿನೊಳಗಿನ ಅರ್ಜಿಯನ್ನು ಪಕ್ಕಕ್ಕೆ ಸರಿಸಿ ಡಬ್ಬಿ ಹೊರತೆಗೆದಳು. ಅತ್ತ ಅವನು ಎರಡು ಸಲ ಹಲೋ ಎಂದ.

“ಮಾಡಿ ಸಾರ್,” ಎಂದಳು. “ನಾನು ಕೊಡ್ತಿಲ್ಲ.”

ಡಬ್ಬಿ ಹಿಡಿದು ಅಂಗಳ ದಾಟಿದಳು. ಕ್ಯಾಂಟೀನಿನ ಬಾಗಿಲಲ್ಲಿ ಗದ್ದಲ ಮುಖಕ್ಕೆ ಅಪ್ಪಳಿಸಿತು. ಸ್ಟೋರ್ಸ್, ಪ್ಲೇಟಿಂಗ್, ಕ್ರೇನ್ ವಿಭಾಗ: ಗೊತ್ತಿದ್ದ ದನಿಗಳೆಲ್ಲ ಒಟ್ಟಿಗೆ ಕೇಳಿಸುತ್ತಿದ್ದವು, ಯಾವುದು ಯಾರ ಬಾಯಿಂದ ಬರುತ್ತಿದೆಯೋ ತಿಳಿಯಲಿಲ್ಲ. ಮುನಿಆಂಜನಪ್ಪ ಕಾಣಲಿಲ್ಲ. ಲೋಡ್ ಇನ್ನೂ ಇಳಿದಿಲ್ಲವೆಂದು ಯಾರೋ ಯಾರಿಗೋ ಹೇಳುತ್ತಿದ್ದರು. ಯಾರೂ ಇವಳತ್ತ ನೋಡಲಿಲ್ಲ. ಅಮ್ಮಣ್ಣಿ ಒಂದು ಹೆಜ್ಜೆ ಹಿಂದಿಟ್ಟಳು.

“ಬಾಗ್ಲಲ್ಲಿ ನಿಂತ್ಕೋಬೇಡಿ ಅಕ್ಕ, ಸಾಂಬಾರ್ ಬಕೆಟ್ ಬರ್ತಿದೆ. ಇಲ್ಲಿ ಬನ್ನಿ.”

ನೀಲಿ ಕೋಟಿನ ಹೆಂಗಸೊಬ್ಬಳು, ತಟ್ಟೆಯಿಂದ ತಲೆಯೆತ್ತದೆಯೇ, ಬೆಂಚಿನ ಮೇಲೆ ಪಕ್ಕಕ್ಕೆ ಸರಿದಳು. ಆ ದನಿಯನ್ನು ಅಮ್ಮಣ್ಣಿ ಎಂದೂ ಕೇಳಿರಲಿಲ್ಲ. ಆ ಹೆಂಗಸು ಬಿಟ್ಟುಕೊಟ್ಟ ಸ್ಟೀಲ್ ಬೆಂಚಿನ ಜಾಗದಲ್ಲಿ ಅಮ್ಮಣ್ಣಿ ಕೂತಳು. ಅದಿನ್ನೂ ಬೆಚ್ಚಗಿತ್ತು.