ಸತ್ತವರ ಹೆಸರಿನ ಹಸುಗಳು

“ಸೋಮಶೇಖರಪ್ನೋರೇ, ಇದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ಈ ಕಡೂರು ಬಸ್‌ಸ್ಟ್ಯಾಂಡಲ್ಲೇ ನನ್ನ ನಾಲಿಗೆ ಸೇದೋಗ್ಲಿ,” ಎಂದು ಪಕ್ಕದಲ್ಲಿ ಕೂತ ಸಖರಾಯಪಟ್ಟಣದವರಿಗೆ ಹೇಳಿ ಶುರು ಮಾಡಿದೆ.

ಪಂಚನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆ ಪಾಪಮ್ಮನಿಗೆ ಇರುವುದು ಒಂದೇ ಹಸು. ಡೈರಿಗೆ ಹಾಲು ಹಾಕಿದರೆ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಗಂಡ ಕಲ್ಲಪ್ಪ ತೀರಿಕೊಂಡು ಆರು ವರ್ಷ. ಹಸು ಹುಟ್ಟಿದ್ದೇ ಆಮೇಲೆ. ಆದರೂ ಅದರ ಕಿವಿಗೆ ಸರ್ಕಾರದ ನಂಬರಿನ ಹಳದಿ ಓಲೆ ಹಾಕಲು ಬಂದವರಿಗೆ ಆಕೆ ಗಂಡನ ಹೆಸರನ್ನೇ ಬರೆಸಿದಳು. ನಮ್ಮ ಕಡೆ ಯಜಮಾನ ಹೋದರೂ ಖಾತೆ, ಕರೆಂಟು, ದನ ಎಲ್ಲ ಅವನ ಹೆಸರಲ್ಲೇ ಇರುತ್ತವೆ. ಹೆಸರು ತೆಗೆಸುವುದೆಂದರೆ ಎರಡನೇ ಸಲ ಹೆಣ ಎತ್ತಿದ ಹಾಗೆ. ಬದುಕಿದ್ದಾಗ ಒಂದು ಮೇಕೆಯನ್ನೂ ಕಟ್ಟದ ಕಲ್ಲಪ್ಪ ಸತ್ತ ಮೇಲೆ ಹಸು ಸಾಕುತ್ತಿದ್ದ.

ಹೋದ ತಿಂಗಳು ಒಂದು ಕಚೇರಿಯಲ್ಲಿ, ಯಾವುದೆಂದು ಕೇಳಬೇಡಿ, ದನಗಳ ಪಟ್ಟಿಯಲ್ಲಿ ಸತ್ತವರ ಹೆಸರು ಇರಕೂಡದು ಎಂದು ಕಂಪ್ಯೂಟರಿನ ತೀರ್ಥೇಶನಿಗೆ ಹೇಳಿದರು. ಒಂದು ಪಟ್ಟಿಯಲ್ಲಿ ದನ, ಇನ್ನೊಂದರಲ್ಲಿ ಮರಣ. ಆತ ಒಂದೇ ಸಾಲು ಬರೆದ: ಯಾವ ದನದ ಮಾಲೀಕ ಮರಣದ ಪಟ್ಟಿಯಲ್ಲಿದ್ದಾನೋ ಆ ದನವನ್ನೇ ಅಳಿಸು. ಅವನು ಕಾಫಿ ಕುಡಿದು ಬರುವಷ್ಟರಲ್ಲಿ ಎಮ್ಮೆದೊಡ್ಡಿಯಿಂದ ಅಜ್ಜಂಪುರದವರೆಗೆ ಹನ್ನೊಂದು ಸಾವಿರ ದನ ಇಲ್ಲವಾದವು. ಕೊಟ್ಟಿಗೆಯಲ್ಲಿ ನಿಂತು ಮೆಲುಕು ಹಾಕುತ್ತಿದ್ದವು, ಅಷ್ಟೆ.

ಮಾರನೇ ದಿನ ಡೈರಿಯ ಕಾಂತರಾಜು ಪಾಪಮ್ಮನ ಕ್ಯಾನು ಮುಟ್ಟಲಿಲ್ಲ.

“ನಿಮ್ಮ ಹಸು ಇಲ್ಲ ಕಣಮ್ಮ. ಇಲ್ದಿರೋ ಹಸುದು ಹಾಲು ಹೆಂಗ್ ಅಳೀಲಿ?”

“ಹಂಗಾದ್ರೆ ಬೆಳಿಗ್ಗೆ ನನ್ನ ಒದ್ದಿದ್ದು ಯಾವ್ದೋ, ನಿಮ್ಮಪ್ಪನಾ?”

ಕಚೇರಿಗೆ ನಾನೇ ಕರೆದುಕೊಂಡು ಹೋದೆ.

“ವಾಪಸ್ ಸೇರಿಸ್ಬೋದು ಅಜ್ಜಿ. ಮಾಲೀಕರು ಬಂದು ಹೆಬ್ಬೆಟ್ಟು ಒತ್ತಬೇಕು,” ಎಂದ ತೀರ್ಥೇಶ.

“ಅವ್ರು ಹೋಗ್ಬಿಟ್ರಲ್ಲಪ್ಪಾ. ನನ್ನ ಹೆಸ್ರಿಗೆ ಬರ್ಕೊ.”

“ಅದಕ್ಕೆ ಅವ್ರ ಹೆಸ್ರಿಂದ ವರ್ಗ ಆಗ್ಬೇಕು. ವರ್ಗ ಮಾಡಕ್ಕೆ ಹಸು ಇರ್ಬೇಕಲ್ಲ.”

“ಹೊಸ ಹಸು ಅಂತ ಬರ್ಕೊ.”

“ಕಿವೀಲಿ ಓಲೆ ಇರೋದು ಹೊಸದು ಹೆಂಗಾಗುತ್ತೆ?”

ಹತ್ತು ಸಲ ಹೋದೆವು. ಮೂರನೇ ವಾರ ಹಸುವಿನ ಕೆಚ್ಚಲು ಬತ್ತಿತು. ಅದಕ್ಕೂ ಯಾರೋ ವಿಷಯ ಮುಟ್ಟಿಸಿರಬೇಕು. ಈಗ ಪಾಪಮ್ಮ ಒಲೆ ಹೊತ್ತಿಸುವುದಿಲ್ಲ. ನಾವು ಕೊಟ್ಟ ಮುದ್ದೆಯಲ್ಲಿ ಅರ್ಧ ಹಸುವಿನ ಬಾಯಿಗಿಡುತ್ತಾಳೆ.

“ಯಾಕ್ರೀ ಎದ್ರಿ? ಓಹೋ, ನಿಮ್ಮ ಮೂರು ಹಸುನೂ ನಿಮ್ಮ ತಂದೇರ ಹೆಸ್ರಲ್ಲೇ ಇದಾವಾ? ಕಚೇರಿಗೆ ಓಡಿ ಪ್ರಯೋಜ್ನ ಇಲ್ಲ ಕಣ್ರೀ, ತೀರ್ಥೇಶಂಗೆ ಈಗ ತೆಂಗಿನ ಮರದ ಪಟ್ಟೀನೂ ಕೊಟ್ಟು, ಅದ್ರಲ್ಲೂ ಸತ್ತೋರ ಹೆಸ್ರು ಇರಕೂಡ್ದು ಅಂದಿದಾರೆ.”