ಹಳೇ ಕಾರಿನ ನ್ಯಾಯಯುತ ಮೌಲ್ಯ

ಮೂವತ್ತೊಂದನೇ ಪುಟದ ಎರಡನೇ ಸಾಲಿನಲ್ಲಿ 'ಬೆಲೆ' ಎಂಬುದನ್ನು ಹೊಡೆದುಹಾಕಿ 'ಮೌಲ್ಯ' ಎಂದು ಬರೆದು, ಸ್ಟೀರಿಂಗಿನ ಮೇಲೆ ಹರಡಿದ್ದ ಕರಡಿನ ಹಾಳೆಯನ್ನು ಅವಳು ತಿರುವುತ್ತಿದ್ದಾಗ ಫೋನು ಬಡಿದುಕೊಂಡಿತು.

"ಎಲ್ಲಿದ್ದೀಯ?" ಗಂಡನ ದನಿ.

"ಸಿಗ್ನಲ್‌ನಲ್ಲಿ."

"ದಿನಾ ಅದೇ ಸಿಗ್ನಲ್ಲು! ಅಮ್ಮ ಕಾಫಿಗೆ ಕಾಯ್ತಾ ಕೂತಿದ್ದಾರೆ."

"ಇನ್ನೆಂಟು ನಿಮಿಷ."

ಸಿಗ್ನಲ್ ಎಂದದ್ದು ಮನೆಯ ಕೆಳಗಿನ ನೆಲಮಾಳಿಗೆಯನ್ನು. ಏಳನೇ ನಂಬರಿನ ಕಂಬದ ಪಕ್ಕ ಹದಿನಾಲ್ಕು ವರ್ಷದ ಕಾರು ನಿಂತು ಆಗಲೇ ಹನ್ನೆರಡು ನಿಮಿಷವಾಗಿತ್ತು. ಮೂರು ಮಹಡಿ ಮೇಲೆ ಅತ್ತೆಯ ಮಾತ್ರೆ, ಗಂಡನ ಕಳೆದುಹೋದ ಕನ್ನಡಕ, ಒಲೆ, ತೊಳೆಯುವ ಪಾತ್ರೆ. ಹಿಂದೆ, ಆರಕ್ಕೆ ಬಿಟ್ಟುಬಂದ ಆಫೀಸಿನಲ್ಲಿ ಮುಗಿಯದ ಕರಡು. ನಡುವಿನ ಈ ಇಪ್ಪತ್ತು ನಿಮಿಷದಲ್ಲಿ ಅವಳು ಯಾರ ಏನೂ ಅಲ್ಲ. ಕೆಲವು ದಿನ ಪೆನ್ಸಿಲ್ ಹಿಡಿಯುತ್ತಿದ್ದಳು, ಕೆಲವು ದಿನ ಗಾಜಿನಾಚೆಯ ಕಂಬವನ್ನು ಸುಮ್ಮನೆ ನೋಡುತ್ತ ಕೂರುತ್ತಿದ್ದಳು. ಕಂಬ ಅವಳನ್ನು ಏನೂ ಕೇಳುತ್ತಿರಲಿಲ್ಲ.

ಅವಳದು ಲೆಕ್ಕಪತ್ರದ ನಿಯಮಗಳನ್ನು ರೂಪಿಸುವ ಮಂಡಳಿಯಲ್ಲಿ ಸಂಶೋಧನೆಯ ಕೆಲಸ. ಕಂಪನಿಯೊಂದು ತನ್ನ ಸ್ವತ್ತಿನ ಮೌಲ್ಯವನ್ನು ಎಷ್ಟೆಂದು ತೋರಿಸಬೇಕು? ಅಂದು ಕೊಟ್ಟ ಬೆಲೆಯನ್ನೋ, ಇಂದು ಮಾರಿದರೆ ಬರುವುದನ್ನೋ, ಇಟ್ಟುಕೊಂಡು ದುಡಿಸಿದರೆ ಸಿಗುವುದನ್ನೋ? ಈ ಜಗಳವೇ ಇಪ್ಪತ್ತು ವರ್ಷದಿಂದ ಅವಳ ಅನ್ನ. ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು 'ಅಡಿಟಿಪ್ಪಣಿ ಮೇಡಂ' ಎಂದು. ಮುಚ್ಚಿಟ್ಟದ್ದು ಯಾವುದನ್ನೂ ಅವಳು ಸಹಿಸುವವಳಲ್ಲ. ಅದರಲ್ಲೂ ಸಂಬಂಧಿಕರ ನಡುವೆ ಕೊಡು-ಕೊಳ್ಳುವುದು ನಡೆದರೆ ಅದನ್ನು ಪುಟದ ಕೆಳಗೆ ಹೇಳಲೇಬೇಕು ಎಂಬ ನಿಯಮ ಅವಳಿಗೆ ದೇವರ ಮಾತು. "ಗಂಡ ಹೆಂಡತಿಗೆ ಗುಂಡುಸೂಜಿ ಮಾರಿದ್ರೂ ಬರೀರಿ" ಎಂದು ಸಭೆಯಲ್ಲಿ ಗದರಿದವಳು.

ಆ ಸಂಜೆ ಕಾಫಿಯ ಹೊತ್ತಿಗೆ ಗಂಡ ಹೊಸ ಕಾರಿನ ಸುದ್ದಿ ತೆಗೆದ. ಬುಕ್ ಮಾಡಿಯೇ ಬಂದಿದ್ದ. ಮನೆಗೆ ಒಂದೇ ಪಾರ್ಕಿಂಗ್ ಜಾಗ, ಹಾಗಾಗಿ ಹಳೆಯದು ಹೋಗಬೇಕು.

"ಇನ್ನು ನೀನು ಓಡಿಸೋ ತಾಪತ್ರಯವೇ ಇಲ್ಲ. ಬೆಳಗ್ಗೆ ನಾನೇ ಬಿಡ್ತೀನಿ, ಸಂಜೆ ನಾನೇ ಕರ್ಕೊಂಡು ಬರ್ತೀನಿ" ಎಂದ. ಪ್ರೀತಿಯಿಂದಲೇ ಹೇಳಿದ್ದ. ಅದೇ ಕಷ್ಟವಾದದ್ದು. ಕೆಟ್ಟ ಮಾತಾಗಿದ್ದರೆ ಎದುರಾಡಬಹುದಿತ್ತು.

"ಅದು ಚೆನ್ನಾಗೇ ಓಡ್ತಿದೆಯಲ್ಲ" ಎಂದಳು.

"ಓಡುತ್ತೆ, ಆದ್ರೆ ಅದಕ್ಕೆ ಏನು ಬೆಲೆ ಇದೆ ಹೇಳು? ನಿಂಗೆ ಗೊತ್ತಿಲ್ದೇ ಇನ್ಯಾರಿಗೆ ಗೊತ್ತಿರುತ್ತೆ? ಲೆಕ್ಕ ಹಾಕಿ ನೀನೇ ಹೇಳು, ಹಾಗೇ ಮಾಡೋಣ."

ಬೇರೆ ಯಾವ ಹೆಂಗಸಾದರೂ ಆಗ ಅತ್ತುಬಿಡುತ್ತಿದ್ದಳು, ಇಲ್ಲವೇ ಎರಡು ದಿನ ಮಾತು ಬಿಡುತ್ತಿದ್ದಳು. ಇವಳು ಲೆಕ್ಕ ಹಾಕಲು ಹೋದಳು.

ಆಫೀಸಿನ ಹಿಂದಿನ ಬೀದಿಯ ಗ್ಯಾರೇಜಿನಲ್ಲಿ ಅದೇ ವಯಸ್ಸಿನ ಮೂರು ಕಾರು ನೋಡಿದಳು. ಮೂರೂ ಎಷ್ಟಕ್ಕೆ ಹೋದವು ಎಂದು ಕೇಳಿ ಬರೆದುಕೊಂಡಳು. ಬಾಗಿಲಿನ ಗೀರಿಗೆ ಇಷ್ಟು, ಸವೆದ ಟೈರಿಗೆ ಇಷ್ಟು ಎಂದು ಕಳೆದಳು. ತನ್ನ ಕಡೆ ವಾಲಬಾರದೆಂದು ಎರಡೆರಡು ಸಲ ಪರೀಕ್ಷಿಸಿದಳು. ಹತ್ತು ದಿನವಾದ ಮೇಲೆ ಮೂರು ಪುಟದ ವರದಿಯನ್ನು ನಾಲ್ಕು ಅಡಿಟಿಪ್ಪಣಿಯ ಸಮೇತ ಊಟದ ಮೇಜಿನ ಮೇಲಿಟ್ಟಳು. ಕಾರಿನ ನ್ಯಾಯಯುತ ಮೌಲ್ಯ ಹೊಸ ಕಾರಿನ ನಾಲ್ಕು ಚಕ್ರದಷ್ಟು.

ಗಂಡ ಅದನ್ನು ಕೋರ್ಟಿನ ತೀರ್ಪಿನಂತೆ ಎತ್ತಿ ಹಿಡಿದ. "ನೋಡಮ್ಮಾ, ನಿನ್ನ ಸೊಸೆ ಕೈಬರಹದಲ್ಲೇ ಇದೆ!"

ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಕೂತ್ರೆ ಕುಯ್ಯಿ ಅನ್ನುತ್ತೆ, ಎದ್ರೆ ಗುರ್ ಅನ್ನುತ್ತೆ ಆ ಕಾರು. ಥೇಟ್ ನನ್ನ ಹಾಗೇ. ನಂಗೂ ಒಂದು ವರದಿ ಬರೆದಿಟ್ಟುಬಿಡಮ್ಮ, ಇವನಿಗೆ ಅನುಕೂಲ ಆಗುತ್ತೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಮರುದಿನ ಮಂಡಳಿಯ ಸಭೆ. ಮುಖ್ಯಸ್ಥರು ಅವಳ ಕರಡನ್ನು ಕೈಗೆತ್ತಿಕೊಂಡು ಮೂವತ್ತೊಂದನೇ ಪುಟವನ್ನು ಗಟ್ಟಿಯಾಗಿ ಓದಿದರು: "'ಅಳೆಯುವ ಮೊದಲು ಯಾವ ಅಳತೆಗೋಲು ಎಂದು ಕೇಳಿಕೊಳ್ಳಬೇಕು. ಮಾರಲು ಇಟ್ಟ ವಸ್ತುವಿನ ಮೌಲ್ಯವನ್ನು ಮಾರುಕಟ್ಟೆ ಹೇಳುತ್ತದೆ. ಬಳಸಲು ಇಟ್ಟ ವಸ್ತುವಿನ ಮೌಲ್ಯವನ್ನು ಬಳಸುವವರು ಹೇಳಬೇಕು.' ಆಹಾ! ಎಷ್ಟು ಸರಳವಾಗಿ ಹೇಳಿದ್ದೀರಿ ಮೇಡಂ. ಎಂಟು ತಿಂಗಳ ಶ್ರಮ ಇಲ್ಲಿ ಕಾಣುತ್ತೆ."

ಚಪ್ಪಾಳೆ ಬಿತ್ತು. ಅವಳಿಗೆ ಮಾತ್ರ ಯಾರೋ ಕೆನ್ನೆಗೆ ಹೊಡೆದಂತಾಯಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗೆ. ಎಂಟು ತಿಂಗಳು ಊರಿಗೆಲ್ಲ ಹೇಳಿದ್ದನ್ನು ಮನೆಯಲ್ಲಿ ಹತ್ತೇ ದಿನಕ್ಕೆ ಮರೆತಿದ್ದಳು. ಗಂಡ ಕೇಳಿದ್ದು ಪರರು ಎಷ್ಟು ಕೊಡುತ್ತಾರೆ ಎಂದು. ಅವಳು ಅದಕ್ಕೆ ಉತ್ತರ ಕೊಟ್ಟಿದ್ದಳು, ತಪ್ಪಿಲ್ಲದ ಉತ್ತರ. ನಿನಗೆ ಅದು ಎಷ್ಟು ಎಂದು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ. ತನ್ನ ಕಾಲಿಗೆ ಕೊಡಲಿ ಹಾಕಿಕೊಂಡದ್ದಲ್ಲದೆ, ಗಾಯ ಎಷ್ಟು ಆಳ ಎಂದು ಅಡಿಟಿಪ್ಪಣಿ ಬೇರೆ ಬರೆದಿದ್ದಳು.

ಈಗ ಹೇಳಬಹುದಿತ್ತು. ಏನೆಂದು? 'ನಿಮ್ಮಿಂದೆಲ್ಲ ತಪ್ಪಿಸಿಕೊಂಡು ಕೂರೋಕೆ ಬೇಕು' ಎಂದೇ? ಹೇಳಿದ ದಿನವೇ ಆ ಇಪ್ಪತ್ತು ನಿಮಿಷಕ್ಕೆ ಎಲ್ಲರೂ ಜೊತೆಯಾಗಿ ಬಂದು ಕೂರುತ್ತಾರೆ.

ಮಧ್ಯಾಹ್ನ ಹಿಂದಿನ ಬೀದಿಗೆ ನಡೆದಳು. ಗ್ಯಾರೇಜಿನವನು ಕೈಯ ಎಣ್ಣೆ ಒರೆಸಿಕೊಳ್ಳುತ್ತ ಬಂದ.

"ಮೇಡಂ, ನಿಮ್ಮ ಮನೆಯವರು ಫೋನ್ ಮಾಡಿದ್ರು. ನಿಮ್ಮ ವರದಿಯ ರೇಟಿಗೇ ನಾನು ತಗೋತೀನಿ. ಶನಿವಾರ ತಂದು ಬಿಚ್ಚಿಹಾಕ್ತೀನಿ. ಬಿಡಿಭಾಗ ಹೋಗುತ್ತೆ, ಉಳಿದಿದ್ದು ಗುಜರಿಗೆ."

"ಬಿಚ್ಚದೇ, ಹಾಗೇ ಇಡಿಯಾಗಿ ಯಾರಾದ್ರೂ ಕೇಳಿದ್ರೆ?"

"ಅದನ್ನ ಯಾರು ಕೇಳ್ತಾರೆ ಮೇಡಂ? ತಲೆ ಕೆಟ್ಟವರಾ?"

"ತಿಳಿದವರು" ಎಂದಳು. "ಮನಸ್ಸಿದ್ದು ಬಂದವರು. ಯಾರ ಬಲವಂತವೂ ಇಲ್ಲದವರು."

ನ್ಯಾಯಯುತ ಮೌಲ್ಯಕ್ಕೆ ಬೇಕಾದ ಕೊಳ್ಳುಗನನ್ನು ವಿವರಿಸಲು ವರ್ಷಗಟ್ಟಲೆ ಅವಳು ಬಳಸಿದ ಮಾತುಗಳು ಅವು. ಅಂಥವನನ್ನು ಕಣ್ಣಾರೆ ಮಾತ್ರ ಕಂಡಿರಲಿಲ್ಲ.

ಅವನು ತಲೆ ಕೆರೆದುಕೊಂಡ. "ಅಂಥವರು ಬಂದ್ರೆ ಬಿಚ್ಚೋ ಕೂಲಿ ಉಳೀತು ಅಂತ ಕೊಟ್ಟುಬಿಡ್ತೀನಪ್ಪ."

"ಸೋಮವಾರದವರೆಗೆ ಬಿಚ್ಚಬೇಡಿ" ಎಂದಳು. ಶೆಡ್ಡಿನ ಹಿಂಗೋಡೆಯ ಪಕ್ಕ ಒಂದು ಕಾರು ನಿಲ್ಲುವಷ್ಟು ಜಾಗವಿತ್ತು. ಎದುರಿಗೊಂದು ಕಂಬವೂ ಇತ್ತು. ತಿಂಗಳಿಗೆ ಬಾಡಿಗೆ ಎಷ್ಟೆಂದು ವಿಚಾರಿಸಿ, ಚೌಕಾಸಿ ಮಾಡದೆ ಒಪ್ಪಿಕೊಂಡು ಹಿಂತಿರುಗಿದಳು.

ಸಂಜೆ ಏಳನೇ ಕಂಬದ ಪಕ್ಕ ಇಂಜಿನ್ ಆರಿಸಿದಳು. ಗಂಡ ಮಾರುತ್ತಾನೆ, ಗ್ಯಾರೇಜಿನವನು ಕೊಳ್ಳುತ್ತಾನೆ, ಅವನಿಂದ ಹೆಂಡತಿ ಕೊಳ್ಳುತ್ತಾಳೆ. ಎಲ್ಲವೂ ಅವಳೇ ಬರೆದ ದರಕ್ಕೆ, ನಿಯಮದ ಪ್ರಕಾರವೇ. ಒಂದು ನಿಯಮ ಮಾತ್ರ ಮಿಕ್ಕಿತ್ತು, ಗುಂಡುಸೂಜಿಯದು. ಅದರ ಬಗ್ಗೆ ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಪೆನ್ಸಿಲನ್ನು ಪರ್ಸಿನೊಳಗೆ ಹಾಕಿ ಜಿಪ್ ಎಳೆದಳು.

ಫೋನು ಬಡಿದುಕೊಂಡಿತು.

"ಹೊಸ ಕಾರು ಶನಿವಾರ ಬರುತ್ತೆ! ಸೋಮವಾರದಿಂದ ಸಂಜೆ ನಿನ್ನ ಆಫೀಸಿನ ಮುಂದೆ ಬಂದು ನಿಲ್ತೀನಿ. ಆರಕ್ಕಲ್ವಾ ಬಿಡೋದು?"

"ಆರೂವರೆಗೆ" ಎಂದಳು.