ಮುಟ್ಟಿಸಿ ಬಿಟ್ಟ ಸ್ವಿಚ್ಚು

ದೊಡ್ಡಪ್ಪನಿಗೆ ದನಿಯಿಲ್ಲ, ದೊಡ್ಡಮ್ಮನಿಗೆ ಕಣ್ಣಿಲ್ಲ. ಗಂಟಲಿನ ಆಪರೇಷನ್ ಆದಮೇಲೆ ಅವರು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ಆಕೆಯ ದೃಷ್ಟಿ ಪೂರ್ತಿ ಮಸುಕಾದಾಗ ಸ್ಲೇಟು ಮೂಲೆ ಸೇರಿತು. ಈಗ ಇಬ್ಬರ ನಡುವೆ ಉಳಿದಿದ್ದು ಮಂಚದ ಪಕ್ಕದ ಹಳೆಯ ಕಂಪ್ಯೂಟರ್ ಒಂದೇ. ದೊಡ್ಡಪ್ಪ ಟೈಪ್ ಮಾಡಿದ್ದನ್ನು ಅದು ಓದಿ ಹೇಳುತ್ತಿತ್ತು.

ಅದನ್ನು ಜೋಡಿಸಿಕೊಟ್ಟವಳು ದೊಡ್ಡಪ್ಪನ ತಮ್ಮನ ಮಗಳು ಗುಬ್ಬಿ. ಹಗಲೆಲ್ಲ ಔಷಧಿ ಅಂಗಡಿಯಲ್ಲಿ ಕೆಲಸ. ರಿಪೇರಿ ಕಲಿತದ್ದು ಸಂಜೆ ತರಗತಿಯಲ್ಲಿ. ಬೀಗ ಹಾಕಿ ಬೀದಿಗೆ ಇಳಿದಮೇಲೂ ತಿರುಗಿ ಹೋಗಿ ಜಗ್ಗಿ ನೋಡುವ ಸ್ವಭಾವ ಅವಳದು.

ಸೆಟ್ಟಿಂಗಿಗೆ ಹೋಗಿ ಪ್ರೊಸೆಸರಿನ ವೇಗ ಏರಿಸಿದರೆ ದನಿ ನೀರು ಹರಿದಂತೆ ಬರುತ್ತಿತ್ತು. ಮರುದಿನ ವೇಗ ಮತ್ತೆ ತಳ ಸೇರಿರುತ್ತಿತ್ತು. ಯಂತ್ರ ಮಾತನ್ನು ಚೂರುಚೂರು ಮಾಡಿ ಉಗುಳುತ್ತಿತ್ತು.

"ಬಾಯಿದ್ದಾಗ್ಲೂ ಇವರು ಹೀಗೇ ತಡೆದು ತಡೆದು ಮಾತಾಡ್ತಿದ್ರು ಕಣೇ ಗುಬ್ಬಿ. ಮೆಷಿನ್ನಿಗೂ ಅದೇ ಚಾಳಿ ಹತ್ತಿದೆ," ಎಂದರು ಮಲಗಿದ್ದಲ್ಲಿಂದಲೇ ದೊಡ್ಡಮ್ಮ. ಆಮೇಲೆ ದನಿ ತಗ್ಗಿಸಿ, "ನನ್ನ ಕಾಯಿಲೆಗೆ ಡಾಕ್ಟ್ರು ಏನಂದ್ರು ಅಂತ ಇವರನ್ನ ಕೇಳ್ದೆ. ಏನೋ ಹೇಳಿದ್ರು, ಒಂದಕ್ಷರ ತಿಳೀಲಿಲ್ಲ. ಬೇಗ ಸರಿ ಮಾಡು ಮಗಳೇ. ನನಗೂ ದಿನಾ ದಿನಾ ತಲೆ ಮಂಕಾಗ್ತಿದೆ."

"ನಾನು ಕೇಳಿ ಹೇಳ್ಲಾ ದೊಡ್ಡಮ್ಮ?"

"ಬೇಡ. ಅವರೇ ಹೇಳ್ಲಿ. ಕಟ್ಟಿಕೊಂಡವರು ಅವರು, ನೀನಲ್ಲ."

ಸೆಟ್ಟಿಂಗನ್ನು ನೆನಪಿಡುವ, ಬೋರ್ಡಿನ ಮೇಲಿನ ಬಿಲ್ಲೆಯಂಥ ಬ್ಯಾಟರಿ ಸತ್ತಿರಬೇಕೆಂದು ಗುಬ್ಬಿ ಹೊಸದು ಹಾಕಿದಳು. ಪ್ರಯೋಜನವಾಗಲಿಲ್ಲ. ಆ ಬ್ಯಾಟರಿಯೂ ಕೆಟ್ಟದ್ದೇನೋ ಎಂದು ಇನ್ನೊಂದು ಹಾಕಿದಳು. ಒಳಗಿನ ಫ್ಯಾನಿನ ಧೂಳು ಒರೆಸಿದಳು. ಅರೆಬೆಂದ ವಿದ್ಯೆ ಹೊತ್ತುಕೊಂಡು ಮುದುಕರ ಮಾತಿನ ಜೊತೆ ಆಟವಾಡುತ್ತಿದ್ದೇನೆ ಅನ್ನಿಸಿ ಊಟ ಸೇರದಾಯಿತು.

ಅವಳು ಬರುತ್ತಿದ್ದುದು ಯಾವಾಗಲೂ ಸಂಜೆ. ಅಂಗಡಿಗೆ ರಜೆ ಸಿಕ್ಕ ದಿನ ಬೆಳಿಗ್ಗೆಯೇ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಕಂಡಿತು. ದೊಡ್ಡಪ್ಪ ಬಗ್ಗಿ ಮೇಜಿನ ಕೆಳಗೆ ನೋಡಿದರು, ಹಿಂದೆ ನೋಡಿದರು. ಗೋಡೆಯ ಸ್ವಿಚ್ಚನ್ನು ಹಾಕಿ, ಕಂಪ್ಯೂಟರಿನ ಫ್ಯಾನು ಗುರ್ ಎಂದೊಡನೆ ಆರಿಸಿದರು. ಮತ್ತೆ ಹಾಕಿ ಆರಿಸಿದರು. ಕೊನೆಗೆ ಹಾಕಿ, ಕೈ ಕಟ್ಟಿ ನಿಂತರು.

ತಪ್ಪು ಎಲ್ಲಿದೆಯೆಂದು ಗುಬ್ಬಿಗೆ ಹೊಳೆಯಿತು. ಅವರಿಗೆ ಬಗ್ಗಿ ಬಟನ್ ಒತ್ತುವುದು ಕಷ್ಟವೆಂದು, ಗೋಡೆಯ ಸ್ವಿಚ್ಚು ಹಾಕಿದರೆ ಸಾಕು ತಾನೇ ಏಳುವಂತೆ ಮಾಡಿಟ್ಟವಳು ಅವಳೇ. ಏಳುತ್ತಿರುವಾಗಲೇ ಕರೆಂಟು ಹೋದರೆ ಯಂತ್ರ ಹೆದರುತ್ತದೆ. ಈ ವೇಗ ನನಗೆ ತಾಳದು ಎಂದುಕೊಂಡು ತನಗೆ ತಾನೇ ವೇಗ ಇಳಿಸಿಕೊಳ್ಳುತ್ತದೆ.

ದೊಡ್ಡಪ್ಪನ ಆ ಅಭ್ಯಾಸ ಎಲ್ಲಿಂದ ಬಂತೆಂದು ಅವಳು ಕೇಳಬೇಕಾಗಿರಲಿಲ್ಲ. ಅಣ್ಣತಮ್ಮ ಇಬ್ಬರೂ ಒಂದೇ ಮುದ್ರಣಾಲಯದಲ್ಲಿದ್ದರು. ಅಲ್ಲಿ ಅಚ್ಚಿನ ಯಂತ್ರ ಓಡಿಸುವ ಮುಂಚೆ ಸ್ವಿಚ್ಚನ್ನು ಎರಡು ಸಲ ಮುಟ್ಟಿಸಿ ಬಿಡಬೇಕು. ಒಳಗೆ ಕೈ ಇಟ್ಟವರು ತೆಗೆಯಲಿ ಎಂದು. ಒಂದು ದಿನ ಯಾರೋ ಮುಟ್ಟಿಸದೆ ಹಾಕಿದರು. ಗುಬ್ಬಿಯ ಅಪ್ಪ ಬದುಕಿದ್ದಷ್ಟು ಕಾಲವೂ ಹೆಬ್ಬೆರಳೊಂದೇ ಉಳಿದ ಬಲಗೈಯಲ್ಲಿ ಅವಳ ಜಡೆ ಹಿಡಿದು ಎಡಗೈಯಲ್ಲಿ ಹೆಣೆಯುತ್ತಿದ್ದ.

"ದೊಡ್ಡಪ್ಪ, ಇದರೊಳಗೆ ಯಾರ ಕೈಯೂ ಇಲ್ಲ. ಒಂದೇ ಸಲ ಹಾಕಿ," ಎಂದಳು.

ಅವರು ತಲೆಯಾಡಿಸಿದರು. ಆರಿಸಿ, ಮತ್ತೆ ಹಾಕಹೋದರು. ಬೆರಳು ತಾನಾಗಿ ಸ್ವಿಚ್ಚನ್ನು ಮುಟ್ಟಿಸಿತು, ಬಿಟ್ಟಿತು. ನಾಚಿಕೊಂಡವರಂತೆ ಅವಳತ್ತ ನೋಡಿ ಕೈಯನ್ನು ಬೆನ್ನ ಹಿಂದೆ ಅಡಗಿಸಿದರು.

"ಹೋಗ್ಲಿ ಬಿಡಿ. ನಾನೇ ಹಾಕ್ತೀನಿ. ಇನ್ಮೇಲೆ ಆರಿಸೋದೇ ಬೇಡ."

ಗುಬ್ಬಿ ವೇಗ ಏರಿಸಿ ಕುರ್ಚಿ ಬಿಟ್ಟುಕೊಟ್ಟಳು. ದೊಡ್ಡಪ್ಪ ಕೂತು ಟೈಪ್ ಮಾಡಿದರು. "ಕೇಳಿಸ್ತಾ?" ಎಂದಿತು ಯಂತ್ರ, ಎಲ್ಲೂ ಮುರಿಯದೆ.

"ಅಯ್ಯೋ, ಮದುವೆ ಗಂಡಿನ ಹಾಗೆ ಮಾತಾಡ್ತಿದೀರಲ್ಲ!" ದೊಡ್ಡಮ್ಮ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ಇಳಿದಮೇಲೆ ಕೇಳಿದರು, "ಈಗ ಹೇಳಿ. ಡಾಕ್ಟ್ರು ಏನಂದ್ರು?"

ದೊಡ್ಡಪ್ಪ ಟೈಪ್ ಮಾಡಿದರು, ಅಳಿಸಿದರು. ಮತ್ತೆ ಟೈಪ್ ಮಾಡಿ ಅಳಿಸಿದರು. ಯಂತ್ರದ ತೊಂದರೆ ಏನೆಂದು ಇನ್ನೊಂದು ವಾರ ತನಗೆ ತಿಳಿಯದೇ ಇರಬಾರದಿತ್ತೇ ಅನ್ನಿಸಿತು ಗುಬ್ಬಿಗೆ. ಕಡೆಗೆ ಯಂತ್ರ, ನೆಂಟನಲ್ಲ ಇಷ್ಟನಲ್ಲ ಎಂಬಂಥ ಸಪ್ಪೆ ದನಿಯಲ್ಲಿ ಹೇಳಿತು:

"ಇನ್ನು ಔಷಧಿ ಇಲ್ಲ, ಮನೆಗೆ ಕರ್ಕೊಂಡ್ಹೋಗಿ ಅಂದ್ರು."

ದೊಡ್ಡಮ್ಮನ ಕೈ ಹೊದಿಕೆಯ ಅಂಚನ್ನು ಹುಡುಕಿ ಹಿಡಿಯಿತು. ಫ್ಯಾನು ಒಂದೇ ಸಮನೆ ತಿರುಗುತ್ತಿತ್ತು.

"ನಾನೂ ಅದನ್ನೇ ಅಂದ್ಕೊಂಡಿದ್ದೆ," ಎಂದರು.

ದೊಡ್ಡಪ್ಪ ಎದ್ದು ಗೋಡೆಯ ಕಡೆ ಕೈ ಚಾಚಿದರು. ಕುರ್ಚಿ ಸರಿದ ಸದ್ದಿಗೇ ದೊಡ್ಡಮ್ಮನಿಗೆ ಗೊತ್ತಾಯಿತು.

"ಆರಿಸ್ಬೇಡಿ. ಕೂತ್ಕೊಳ್ಳಿ, ಇನ್ನೂ ಮಾತಿದೆ."